ತೆಂಗಿನ ಬುಡದ ಪೂರ್ವಜ

ಮನುಷ್ಯನ ಪಾದವನ್ನು ದೂರದಿಂದ ನೋಡಿಯೇ ಚಪ್ಪಲಿಯ ನಂಬರು ಹೇಳಬಲ್ಲವನಿಗೆ, ಹಲ್ಲು ನೋಡಿ ವಂಶ ಹೇಳುವುದು ಯಾವ ಮಹಾ ವಿದ್ಯೆ? ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಖಚಿತ ಅಭಿಪ್ರಾಯ ಇದಾಗಿತ್ತು. ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಚಪ್ಪಲಿ ಅಂಗಡಿ ಇದೆ. ಗಿರಾಕಿ ಮೆಟ್ಟಿಲು ಹತ್ತುವಾಗಲೇ, “ಏಳು ನಂಬರು, ಅಗಲ ಪಾದ, ಎಡಗಾಲಿನ ಹಿಮ್ಮಡಿ ಜಾಸ್ತಿ ಸವೆಸುವವರು” ಎಂದು ಹೇಳಿಬಿಡುತ್ತೇನೆ. ಕೆಲವರು ಬೆರಗಾಗುತ್ತಾರೆ. ಕೆಲವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಅದು ಬೇರೆ ವಿಷಯ.

ಅನಾಹುತಕ್ಕೆ ಮೂಲ, ಕುಂದಾಪುರದ ಒಂದು ಕಾಲೇಜಿಗೆ ಕ್ರೀಡಾಕೂಟದ ಬೂಟುಗಳನ್ನು ಕೊಡಲು ಹೋದದ್ದು. ಬೂಟು ಲೆಕ್ಕ ಮಾಡಿಕೊಳ್ಳಬೇಕಾದ ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಸೆಕೆಯೋ ಸೆಕೆ. ಸಭಾಂಗಣದಲ್ಲಿ ಫ್ಯಾನು ತಿರುಗುತ್ತಿತ್ತು, ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ವೇದಿಕೆಯ ಮೇಲೆ ಯಾರೋ ಒಬ್ಬರು ಮೇಡಂ ಪರದೆಯಲ್ಲಿ ಅಸ್ಥಿಪಂಜರದ ಚಿತ್ರ ತೋರಿಸುತ್ತಿದ್ದರು.

“ನಾವು ತಿಂದದ್ದೆಲ್ಲ ಕರಗಿ ಹೋಗುವುದಿಲ್ಲ” ಎಂದರು ಮೇಡಂ. “ಅದರ ಗುರುತು ಮೂಳೆಯಲ್ಲಿ ಉಳಿಯುತ್ತದೆ. ಜೀವಮಾನವಿಡೀ ಸಮುದ್ರದ ಮೀನು ತಿಂದವರ ಮೂಳೆ ಒಂದು ಕಥೆ ಹೇಳಿದರೆ, ಬರೀ ಧಾನ್ಯ ತಿಂದವರ ಮೂಳೆ ಇನ್ನೊಂದು ಹೇಳುತ್ತದೆ. ಬಾಲ್ಯದಲ್ಲಿ ಕುಡಿದ ನೀರಿನ ಗುರುತು ಹಲ್ಲಿನ ಹೊರಪದರದಲ್ಲಿ ಸತ್ತ ಮೇಲೂ ಇರುತ್ತದೆ. ಆ ಮನುಷ್ಯ ಯಾರ ಪೈಕಿ, ಎಲ್ಲಿಂದ ಬಂದವನು ಎಂಬುದನ್ನೂ ಮೂಳೆಯೊಳಗಿಂದ ಓದಬಹುದು.”

ನನಗೆ ರೋಮಾಂಚನವಾಯಿತು. ಸಾವಿರ ವರ್ಷದ ಹಿಂದೆ ತಿಂದ ಮೀನಿಗೂ ಸಾಕ್ಷಿ ಇದೆಯೆ!

“ಆದರೆ...” ಎಂದು ಮೇಡಂ ಮುಂದುವರಿಸಿದರು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಬಿಸಿ ಗೋಳಿಬಜೆಯ ತಟ್ಟೆ ಒಳಗೆ ಬಂತು. ನಾನು ಎದ್ದು ಅತ್ತ ಹೋದೆ. ವಿಜ್ಞಾನವೆಲ್ಲ ಇರುವುದು ಆ ‘ಆದರೆ’ಯ ನಂತರವೇ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನನ್ನ ಮನೆ ಬಾರ್ಕೂರಿನಲ್ಲಿ. ಒಂದು ಕಾಲದಲ್ಲಿ ರಾಜಧಾನಿಯಾಗಿದ್ದ ಊರು. ಅಲ್ಲಿ ಹುಟ್ಟಿದವರಿಗೆ ಒಂದು ಕಾಯಿಲೆ ಇರುತ್ತದೆ: ಕಾಲಿಗೆ ಎಡವಿದ ಕಲ್ಲೂ ಅರಮನೆಯದ್ದು ಅನ್ನಿಸುವುದು. ನನಗೆ ಆ ಕಾಯಿಲೆ ಸ್ವಲ್ಪ ಜೋರು. ನನ್ನ ಹಿರಿಯರು ರಾಜರ ದಂಡಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು ಎಂದು ನಾನು ನಂಬಿದ್ದೆ. ಆಧಾರ ಏನೂ ಇರಲಿಲ್ಲ. ಆದ್ದರಿಂದಲೇ ನಂಬಿಕೆ ಗಟ್ಟಿಯಾಗಿತ್ತು.

ಈ ನಂಬಿಕೆಗೆ ಒಬ್ಬರೇ ಒಬ್ಬರು ವಿರೋಧಪಕ್ಷ. ನನ್ನ ಅತ್ತೆ, ಹೆಂಡತಿ ಗುಲಾಬಿಯ ತಾಯಿ ಮುತ್ತಕ್ಕ. ಬೈಂದೂರಿನ ಕಡಲತಡಿಯವರು. ಮೀನು ಮಾರಿ ಮಕ್ಕಳನ್ನು ಸಾಕಿದವರು. ಎತ್ತರ ನನ್ನ ಭುಜಕ್ಕೂ ಬಾರದು, ಧ್ವನಿ ಮಾತ್ರ ದಡದಲ್ಲಿ ನಿಂತು ಕೂಗಿದರೆ ದೋಣಿ ತಿರುಗಿ ಬರಬೇಕು. ನಾನು ದಂಡಿನ ಮಾತೆತ್ತಿದರೆ ಸಾಕು, “ನಿಮ್ಮ ಅಜ್ಜ ಹೊಳಿಬದಿಯಲ್ ಗಾಳ ಹಾಕ್ಕಂಡ್ ಕೂಕಂತಿದ್ದ್ರ್. ಅದ್ ದಂಡಾ?” ಎಂದು ಕೇಳುತ್ತಿದ್ದರು.

ಆ ಹೊತ್ತಿಗೆ ನಮ್ಮ ಮಗಳು ಶ್ರಾವ್ಯಳಿಗೆ ಕೋಟದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಪ್ರಸಾದ, ಸಿದ್ದಾಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಮಗಳು ಫೋಟೋ ನೋಡಿ ಏನೂ ಹೇಳಲಿಲ್ಲ, ಆದರೆ ಫೋಟೋ ವಾಪಸು ಕೊಡಲೂ ಇಲ್ಲ. ಮುಂದಿನ ಭಾನುವಾರ ಅವರ ಮನೆಯವರು ಬರುವುದೆಂದು ನಿಶ್ಚಯವಾಯಿತು. ಅಂಗಳ ಒಪ್ಪ ಮಾಡಿ, ತೆಂಗಿನ ಬುಡ ಬಿಡಿಸಿ ಗೊಬ್ಬರ ಹಾಕಿ ಎಂದು ಗುಲಾಬಿಯ ಆಜ್ಞೆಯಾಯಿತು.

ಬಾವಿಕಟ್ಟೆ ಬದಿಯ ತೆಂಗಿನ ಬುಡ ಬಿಡಿಸುತ್ತಿದ್ದೆ. ಪಿಕಾಸಿಗೆ ಏನೋ ಟಕ್ ಎಂದಿತು. ಮಣ್ಣು ಸರಿಸಿ ನೋಡಿದರೆ ಒಂದು ಮೂಳೆ! ಅದರ ಪಕ್ಕದಲ್ಲೇ, ಬೇರಿನ ಸಂದಿಯಲ್ಲಿ, ಒಂದು ಹಲ್ಲು! ಮನುಷ್ಯನ ದವಡೆ ಹಲ್ಲು!

“ಗುಲಾಬೀ! ಬೇಗ ಬಾ!”

ಗುಲಾಬಿ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದಳು. “ಎಂತ ಆಯ್ತ್? ಹಾವಾ?”

“ಪೂರ್ವಜರ್ ಸಿಕ್ಕಿದ್ರ್!”

ಅವಳು ಒಮ್ಮೆ ಗುಂಡಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. “ಬದಿಗ್ ಇಡಿ ಅವ್ರನ್ನ್. ಮೊದ್ಲ್ ಗೊಬ್ರ ಹಾಕಿ” ಎಂದು ಒಳಗೆ ಹೋದಳು.

ಕಾಂಪೌಂಡಿನ ಆಚೆಯಿಂದ ನೆರೆಮನೆಯ ಮಂಜಣ್ಣನ ತಲೆ ಮೇಲೆದ್ದಿತು. ಅವರು ಮುಂಬಯಿಯಲ್ಲಿ ಕ್ಯಾಂಟೀನ್ ನಡೆಸಿ ಊರಿಗೆ ಬಂದು ನೆಲೆಸಿದವರು. ಮೂಳೆಯನ್ನು ಕಂಡವರೇ, “ಅರೇ ಭಾಯ್, ಅದ್ ಆಡಿನ್ ಕಾಲ್ ಅಲ್ದಾ? ನಮ್ಮ ಟೈಗರ್ ನಿಮ್ಮ ತೋಟದಲ್ಲೇ ಎಲ್ಲ ಹೂತಿಡುದ್” ಎಂದರು. ಟೈಗರ್ ಎಂದರೆ ಅವರ ನಾಯಿ.

“ಮಂಜಣ್ಣ, ನೀವ್ ಕ್ಯಾಂಟೀನ್ ನಡೆಸಿದವ್ರ್. ನಿಮ್ಗ್ ಲೋಕದ ಮೂಳೆ ಎಲ್ಲ ಆಡಿಂದೇ ಕಾಂಬುದ್” ಎಂದು ಅವರ ಬಾಯಿ ಮುಚ್ಚಿಸಿದೆ. ಇದು ನನ್ನ ಮೊದಲ ತಪ್ಪು.

ಸಂಜೆಯವರೆಗೆ ಸಂಶೋಧನೆ ನಡೆಯಿತು. ಹಲ್ಲನ್ನು ಹಳೆಯ ಬ್ರಶ್ಶಿನಿಂದ ಉಜ್ಜಿ, ಭೂತಗನ್ನಡಿ ಹಿಡಿದು ನೋಡಿದೆ. ಹಲ್ಲಿನ ನೆತ್ತಿಯ ಮೇಲೆ ಕಪ್ಪು ತಿರುಗಿದ ಲೋಹದ ಬೊಟ್ಟು! ಮೊಬೈಲಿನಲ್ಲಿ ಹುಡುಕಿದೆ. ಎಲ್ಲೋ ದೂರದೇಶದಲ್ಲಿ ಹಿಂದಿನ ಕಾಲದ ಶ್ರೀಮಂತರು ಹಲ್ಲಿಗೆ ರತ್ನ ಕೂರಿಸಿಕೊಳ್ಳುತ್ತಿದ್ದರಂತೆ. ಅಲ್ಲಿ ರತ್ನವಾದರೆ ಬಾರ್ಕೂರಿನಲ್ಲಿ ಬೆಳ್ಳಿ! ಇದು ಸಾಮಾನ್ಯರ ಹಲ್ಲಲ್ಲ.

ಹೆಂಡತಿ ಮಗಳನ್ನು ಚಾವಡಿಯಲ್ಲಿ ಕೂರಿಸಿ ವರದಿ ಒಪ್ಪಿಸಿದೆ. “ಈತ ಗಂಡಸು. ಮೂಳೆಯ ಉದ್ದದಿಂದ ಪಾದದ ಅಳತೆ, ಪಾದದ ಅಳತೆಯಿಂದ ಎತ್ತರ ಲೆಕ್ಕ ಹಾಕಿದ್ದೇನೆ. ಹತ್ತು ನಂಬರಿನ ಪಾದ, ಆರಡಿ ಎತ್ತರ, ದಂಡನಾಯಕ. ಹಲ್ಲಿನ ಬದಿಯ ಕಂದು ಕಲೆ ಎಲೆಅಡಿಕೆಯದ್ದು. ಒಂದು ಪಕ್ಕ ಸವೆದಿದೆ, ಅಂದರೆ ಸಿಟ್ಟಿನಿಂದ ಹಲ್ಲು ಕಡಿಯುವ ಸ್ವಭಾವ. ಆಜ್ಞೆ ಕೊಟ್ಟು ಕೊಟ್ಟು ಸವೆದದ್ದು. ಮುಖ್ಯ ಆಹಾರ ಸಮುದ್ರದ ಮೀನು.”

“ಮೀನ್ ಅಂತ ಹ್ಯಾಂಗ್ ಗೊತ್ತಾಯ್ತ್?” ಎಂದಳು ಗುಲಾಬಿ.

“ಮೂಸಿ ಕಂಡೆ. ಈಗ್ಲೂ ಬಂಗ್ಡಿ ವಾಸ್ನಿ ಬತ್ತ್!”

“ಅದ್ ನಿಮ್ಮ ಕೈಯ್ದ್. ಮಧ್ಯಾಹ್ನ ಉಂಡ್ಕಂಡ್ ಸಮಾ ಕೈ ತೊಳಿಲಿಲ್ಲ.”

ನಾನು ಸಣ್ಣ ಮಾತುಗಳಿಗೆ ಕಿವಿಗೊಡಲಿಲ್ಲ. ಕನ್ನಡಿಯ ಮುಂದೆ ಬಾಯಿ ಅಗಲಿಸಿ ನಿಂತು, ಒಂದು ಕೈಯಲ್ಲಿ ಆ ಹಲ್ಲು ಹಿಡಿದು ನನ್ನ ದವಡೆಗೆ ಹೋಲಿಸಿದೆ. ಅದೇ ಉಬ್ಬು! ಅದೇ ತಗ್ಗು! ಸಂಶಯವೇ ಇಲ್ಲ, ನನ್ನ ವಂಶದ ಮೂಲಪುರುಷ!

“ಅಪ್ಪಾ, ಎಲ್ಲರ ದವಡಿ ಹಲ್ಲೂ ಹಾಂಗೇ ಇರ್ತ್” ಎಂದಳು ಶ್ರಾವ್ಯ.

“ಹೌದೌದು. ನಿನ್ನ ಹಲ್ಲೂ ಹಾಂಗೇ ಇತ್ತ್. ನೀನೂ ಅವ್ರ ಸಂತಾನವೇ ಅಲ್ದಾ?” ಎಂದೆ. ಮಗಳು ಎದ್ದು ಹೋದಳು.

ಮರುದಿನ ಬೆಳಿಗ್ಗೆ ವಂಶದ ಅರ್ಧಭಾಗ ಕಳೆದುಹೋಯಿತು. ಮೂಳೆಯನ್ನು ತೊಳೆದು ಒಣಗಲೆಂದು ಕಾಂಪೌಂಡಿನ ಮೇಲೆ ಇಟ್ಟಿದ್ದೆ. ಟೈಗರ್ ಬಂದು ಕಚ್ಚಿಕೊಂಡು ಓಡಿತು. ನಾನು ಅದರ ಹಿಂದೆ ಗದ್ದೆಗೆ ಹಾರಿದೆ. ನಾಟಿ ಮಾಡಿದ ಗದ್ದೆಯ ಅಂಚು ಜಾರಿ ಬೆನ್ನಡಿಯಾಗಿ ಕೆಸರಿಗೆ ಬಿದ್ದೆ. “ದಂಡನಾಯಕರನ್ನ್ ಬಿಡ್! ಬಿಡ್ ನಾಯಿ!” ಎಂದು ನಾನು ಕೂಗುವುದನ್ನು ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕೇಳಿದರು. ಮಂಜಣ್ಣ ನನ್ನನ್ನು ಎಬ್ಬಿಸುತ್ತಾ, “ಅದ್ರ ಮಾಲ್ ಅದ್ ತಕಂಡ್ ಹೋಯ್ತ್. ನೀವ್ ಎಂತಕ್ ಬೇಜಾರ್ ಮಾಡ್ಕಂಬುದ್?” ಎಂದು ಸಮಾಧಾನ ಹೇಳಿದರು.

ಉಳಿದದ್ದು ಹಲ್ಲು. ಅದರ ಮೇಲೆ ನೀರಿನ ಪರೀಕ್ಷೆ ಮಾಡುವುದೆಂದು ತೀರ್ಮಾನಿಸಿದೆ. ಬಾಲ್ಯದ ನೀರಿನ ಗುರುತು ಹಲ್ಲಿನಲ್ಲಿ ಇರುತ್ತದೆ ಎಂದು ಮೇಡಂ ಹೇಳಿದ್ದರಲ್ಲ! ಹಾಗಾದರೆ ಹಲ್ಲು ತನ್ನ ಊರಿನ ನೀರನ್ನು ಗುರುತಿಸಬೇಕು. ಚಾವಡಿಯ ಮೇಜಿನ ಮೇಲೆ ಲೋಟಗಳನ್ನು ಸಾಲಾಗಿ ಇಟ್ಟೆ. ಒಂದರಲ್ಲಿ ನಮ್ಮ ಬಾವಿ ನೀರು, ಒಂದರಲ್ಲಿ ನಳ್ಳಿ ನೀರು, ಒಂದರಲ್ಲಿ ಹೊಳೆಯ ನೀರು. ಹಲ್ಲನ್ನು ಒಂದೊಂದರಲ್ಲೇ ಮುಳುಗಿಸಿ ಉಸಿರು ಬಿಗಿಹಿಡಿದು ನೋಡಿದೆ. ಬಾವಿ ನೀರಿನಲ್ಲಿ ಒಂದು ಗುಳ್ಳೆ ಎದ್ದಿತು. ಒಂದೇ ಒಂದು. ಆದರೆ ಎಂಥಾ ಗುಳ್ಳೆ! ನಮ್ಮದೇ ಬಾವಿಯ ನೀರು ಕುಡಿದು ಬೆಳೆದ ಮನುಷ್ಯ! ಇದನ್ನು ಮಂಜಣ್ಣನಿಗೆ ಹೇಳದೆ ಇರಲಾಗಲಿಲ್ಲ. ಹಲ್ಲನ್ನು ಲೋಟದಲ್ಲೇ ಬಿಟ್ಟು ಅವರ ಮನೆಗೆ ಓಡಿದೆ.

ಹುಡುಗಿ ನೋಡುವ ಶಾಸ್ತ್ರಕ್ಕೆಂದು ಅತ್ತೆ ಬೈಂದೂರಿನಿಂದ ಬಸ್ಸು ಹಿಡಿದು ಬರುವುದು ಅವತ್ತೇ ಎಂಬುದು ನನಗೆ ಮರೆತುಹೋಗಿತ್ತು. ನಾನು ತಿರುಗಿ ಬರುವಾಗ ಅವರು ಚಾವಡಿಯಲ್ಲಿ ಬೆವರೊರೆಸಿಕೊಳ್ಳುತ್ತಾ ಲೋಟ ಎತ್ತಿ ಗಟಗಟ ಕುಡಿಯುತ್ತಿದ್ದರು.

“ಅತ್ತೇ! ಬ್ಯಾಡ!”

ಅತ್ತೆಯ ಗಂಟಲು ನಿಂತಿತು. ಕಣ್ಣು ಅಗಲವಾಯಿತು. ಬಾಯೊಳಗೆ ಏನನ್ನೋ ಆಚೀಚೆ ಹೊರಳಿಸಿ ಅಂಗೈಗೆ ಉಗಿದುಕೊಂಡರು. “ಎಂತ ಮಾರಾಯ್ರೆ ಇದ್, ನೀರಂಗ್ ಕಲ್ಲ್?”

“ಕಲ್ಲಲ್ಲ ಅತ್ತೆ. ನಮ್ಮ ವಂಶದ ಮೂಲಪುರುಷರ ಹಲ್ಲ್!”

ಅತ್ತೆಗೆ ದೇವರಿಗಿಂತಲೂ ತೀರಿಹೋದ ಹಿರಿಯರ ಮೇಲೆ ಭಯ ಜಾಸ್ತಿ. “ಅಯ್ಯೋ! ಸತ್ತವ್ರನ್ನ್ ಬಾಯಿಗ್ ಹಾಕ್ಕಂಡೆ! ತಪ್ಪಾಯ್ತ್ ಹಿರಿಯರೆ, ತಪ್ಪಾಯ್ತ್!” ಎಂದು ಗಲ್ಲಗಲ್ಲ ಬಡಿದುಕೊಂಡರು. ಜೀವಮಾನದಲ್ಲೇ ಮೊದಲ ಬಾರಿಗೆ ಅತ್ತೆ ನನ್ನ ವಂಶದ ಮುಂದೆ ತಲೆಬಾಗಿದ್ದರು! ನನಗೆ ಆ ಸುಖವನ್ನು ಬಿಟ್ಟುಕೊಡುವ ಮನಸ್ಸಾಗಲಿಲ್ಲ. “ಹಿರಿಯರಿಗೆ ಸ್ವಲ್ಪ ಸಿಟ್ಟು ಬಂದಿರಬಹುದು” ಎಂದು ಗಂಭೀರವಾಗಿ ಹೇಳಿದೆ.

ಪ್ರಾಯಶ್ಚಿತ್ತ ಅಂದೇ ಆರಂಭವಾಯಿತು. ನಾನು ಹಲ್ಲನ್ನು ಹೊಸ ಚಪ್ಪಲಿಯ ಡಬ್ಬಿಯಲ್ಲಿ ಇಡಲು ಹೊರಟರೆ ಅತ್ತೆಯೇ ತಡೆದು, “ಹಿರಿಯರನ್ನ್ ಮೆಟ್ಟಿನ್ ಡಬ್ಬಿಯಲ್ ಇಡುದಾ? ನಿಮ್ಗ್ ಬುದ್ಧಿ ಇತ್ತಾ?” ಎಂದು ಬೈದು, ತಮ್ಮ ಬಳೆಯ ಡಬ್ಬಿ ಖಾಲಿ ಮಾಡಿ, ಕೆಂಪು ವಸ್ತ್ರ ಹಾಸಿ, ಹಲ್ಲನ್ನು ಕೂರಿಸಿ ದೀಪ ಹಚ್ಚಿದರು. ನನ್ನ ವರದಿಯಂತೆ ಹಿರಿಯರಿಗೆ ಪ್ರಿಯವಾದದ್ದು ಸಮುದ್ರದ ಮೀನು ತಾನೆ? ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಪಕ್ಕದಲ್ಲಿ ಎಲೆಅಡಿಕೆ ಇಟ್ಟು ಎಡೆ ಬಡಿಸಿದರು. “ಹಿರಿಯರೆ, ನೀವ್ ಯಾರೋ, ಎಂತವ್ರೋ ನಂಗೊತ್ತಿಲ್ಲ. ನನ್ನ ಮೊಮ್ಮಗಳಿಗ್ ಈ ಸಂಬಂಧ ಕೂಡಿ ಬರ್ಲಿ” ಎಂದು ಕೈಮುಗಿದರು. ಭಾನುವಾರದವರೆಗೂ ಇದೇ ನಡೆಯಿತು. ಎಡೆ ತೆಗೆದ ಮೇಲೆ ಪ್ರಸಾದವೆಂದು ಆ ಮೀನನ್ನು ಅತ್ತೆಯೇ ತಿನ್ನುತ್ತಿದ್ದರು. ಮೀನು ಸೇರಬೇಕಾದ ಬಾಯಿಗೇ ಸೇರುತ್ತಿತ್ತು ಎಂಬುದು ಆಗ ಯಾರಿಗೂ ತಿಳಿಯಲಿಲ್ಲ.

ಶನಿವಾರ ಮಗಳು ನನ್ನ ಎದುರು ಬಂದು ನಿಂತಳು. “ಅಪ್ಪಾ, ನಾಳೆ ಅವ್ರ್ ಬಂದಾಗ ಆ ಹಲ್ಲಿನ್ ಸುದ್ದಿ ತೆಗಿಬೇಡಿ. ನಂಗೆ ಈ ಸಂಬಂಧ ಬೇಕ್.” ಅವಳು ಅಷ್ಟು ನೇರವಾಗಿ ಎಂದೂ ಮಾತಾಡಿದವಳಲ್ಲ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಾನು ಅವಳ ತಲೆ ಮುಟ್ಟಿ, “ಇಲ್ಲ ಮಗಾ, ಬಾಯಿ ಬಿಡುದಿಲ್ಲ” ಎಂದೆ. ಆ ಕ್ಷಣದಲ್ಲಿ ನನ್ನ ಮಾತು ನೂರಕ್ಕೆ ನೂರು ಸತ್ಯವಾಗಿತ್ತು.

ಭಾನುವಾರ ಕೋಟದವರು ಬಂದರು. ಹುಡುಗ, ಅವನ ತಂದೆ, ತಾಯಿ, ಮತ್ತು ಅಕ್ಕ ಅಶ್ವಿನಿ. ಅಕ್ಕ ಕುಂದಾಪುರದಲ್ಲಿ ಡಾಕ್ಟರು ಎಂದು ಮೊದಲೇ ತಿಳಿದಿತ್ತು. ಯಾವ ಡಾಕ್ಟರು ಎಂದು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ನಮ್ಮ ಕಡೆಯಿಂದ ಹಿರಿಯರೆಂದು ಮಂಜಣ್ಣ ಇಸ್ತ್ರಿ ಅಂಗಿ ಹಾಕಿ ಕೂತಿದ್ದರು.

ಎಲ್ಲವೂ ಚೆನ್ನಾಗಿಯೇ ಸಾಗಿತ್ತು. ಹುಡುಗ ಮಗಳನ್ನು ನೋಡಿದ. ಮಗಳು ಹುಡುಗನನ್ನು ನೋಡಿದಳು. ಇಬ್ಬರೂ ಒಟ್ಟಿಗೇ ನೆಲ ನೋಡಿದರು. ಗುಲಾಬಿಯ ಮುಖ ಅರಳಿತು. ಹುಡುಗನ ತಂದೆಯದ್ದು ಮಾತು ಕಡಿಮೆ, ಮುಖ ಬಿಗಿ. ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮೊದಲ ಬಾರಿಗೆ ಬಾಯಿ ಬಿಟ್ಟರು. “ನಮ್ದ್ ಕೋಟದಲ್ ಬಾರೀ ಹಳೇ ಮನೆತನ. ಎಷ್ಟೋ ತಲೆಮಾರಿಂದ್ ಅಲ್ಲೇ ಇಪ್ಪುದ್.”

ಬಾರ್ಕೂರಿನವನ ಎದುರು ಕೋಟದವರು ಹಳೆತನದ ಮಾತಾಡುವುದೆ! ನನ್ನೊಳಗಿನ ದಂಡನಾಯಕ ಎದ್ದು ನಿಂತ. ಗುಲಾಬಿ ಕಣ್ಣಿನಲ್ಲೇ ‘ಬೇಡ’ ಎಂದಳು. ಮಗಳು ಬಾಗಿಲ ಮರೆಯಿಂದ ತಲೆ ಅಲ್ಲಾಡಿಸಿದಳು. ಕೈ ನನ್ನ ಮಾತು ಕೇಳಲಿಲ್ಲ. ಬಳೆಯ ಡಬ್ಬಿ ಮೇಜಿನ ಮೇಲೆ ಬಂತು.

“ಮಾತಿಗೆ ಹೇಳುವುದಲ್ಲ” ಎಂದು ಎದ್ದು ನಿಂತು ಆರಂಭಿಸಿದೆ. “ನಮ್ಮಲ್ಲಿ ಸಾಕ್ಷಿಯೇ ಇದೆ. ಇವರು ನಮ್ಮ ವಂಶದ ಮೂಲಪುರುಷರು. ಆರಡಿ ಎತ್ತರ. ರಾಜರ ದಂಡಿನಲ್ಲಿದ್ದವರು. ನಮ್ಮ ಬಾವಿಯ ನೀರು ಕುಡಿದು, ಸಮುದ್ರದ ಮೀನು ತಿಂದು, ಎಲೆಅಡಿಕೆ ಜಗಿದು, ಬೆಳ್ಳಿಯ ಬೊಟ್ಟಿಟ್ಟ ಹಲ್ಲಿನಿಂದ ಆಜ್ಞೆ ಕೊಡುತ್ತಿದ್ದವರು!”

ಹುಡುಗನ ತಾಯಿ ಸೀರೆಯ ಸೆರಗು ಸರಿಮಾಡಿಕೊಂಡು ಭಕ್ತಿಯಿಂದ ಕೈಮುಗಿದರು. ಅಶ್ವಿನಿ ಮಾತ್ರ ಎದ್ದು ಬಂದು, “ಅಂಕಲ್, ನಾನೊಂದ್ಸಲ ಕಾಣ್ಲಕ್ಕಾ?” ಎಂದು ಹಲ್ಲನ್ನು ಎತ್ತಿಕೊಂಡಳು. ಮೊಬೈಲಿನ ಟಾರ್ಚು ಹಾಕಿ, ತಿರುಗಿಸಿ ತಿರುಗಿಸಿ ನೋಡಿದಳು. ನಾನು ಹೆಮ್ಮೆಯಿಂದ ಕಾದೆ.

“ಇದ್ ಎಲ್ ಸಿಕ್ತ್ ನಿಮ್ಗೆ?”

“ಭೂಗರ್ಭದಲ್ಲಿ!” ಎಂದೆ.

“ತೆಂಗಿನ್ ಬುಡದಲ್” ಎಂದರು ಮಂಜಣ್ಣ.

“ಅಂಕಲ್, ನಾನ್ ಹಲ್ಲಿನ್ ಡಾಕ್ಟ್ರ್. ಇದ್ ಬೆಳ್ಳಿ ಬೊಟ್ಟ್ ಅಲ್ಲ. ಫಿಲ್ಲಿಂಗ್. ಹುಳ್ಕಾದ್ ಹಲ್ಲಿಗೆ ತುಂಬ್ಸುದ್.”

ನಾನು ಸೋಲೊಪ್ಪಲಿಲ್ಲ. “ಅಂದ್ರೆ ನಮ್ಮ ಬಾರ್ಕೂರಿನಲ್ಲಿ ರಾಜರ ಕಾಲದಲ್ಲೇ ದಂತವೈದ್ಯ...”

“ರಾಜರ ಕಾಲದಲ್ ಅಲ್ಲ ಅಂಕಲ್. ನಮ್ಮ ಕಾಲದಲ್ಲೇ. ಇಪ್ಪತ್ತೋ ಮೂವತ್ತೋ ವರ್ಷ ಆಗಿರುಕ್ ಸಾಕ್.” ಅವಳು ಹಲ್ಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. “ಬೇರ್ ಕಾಣಿ, ಗಾಳದ್ ಕೊಕ್ಕಿ ಹಾಂಗೆ ಬಗ್ಗಿತ್. ಇದನ್ನ್ ತೆಗುಕ್ ಡಾಕ್ಟ್ರಿಗೂ ಬೆವ್ರ್ ಬಂದಿರ್ತ್, ಪೇಷಂಟಿಗೂ ಜೀವ ಹೋಯಿರ್ತ್.”

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೊಟ್ಟೆ ಕಡುಬಿನ ತಟ್ಟೆ ಹಿಡಿದು ನಿಂತಿದ್ದ ಅತ್ತೆ, “ಕೊಕ್ಕಿ ಬೇರಾ?” ಎಂದರು. ತಟ್ಟೆ ಕೆಳಗಿಟ್ಟರು. ಅವರ ನಾಲಿಗೆ ಕೆನ್ನೆಯೊಳಗೆ ಏನನ್ನೋ ಹುಡುಕಿ ಒಂದು ಕಡೆ ನಿಂತಿತು. ಹತ್ತಿರ ಬಂದು ಹಲ್ಲನ್ನು ದಿಟ್ಟಿಸಿದರು.

“ಅಯ್ಯಯ್ಯೋ! ಇದ್ ನನ್ ಹಲ್ಲ್!”

ಅತ್ತೆ ಒಂದೇ ಉಸಿರಿಗೆ ಹೇಳಿದರು: “ಗುಲಾಬಿ ಬಾಳಂತನಕ್ ನಾನ್ ಇಲ್ಲಿಗ್ ಬಂದಿದ್ದೆ ಅಲ್ದಾ? ಶ್ರಾವ್ಯ ಆಗ ತೊಟ್ಲಂಗೆ. ಹಲ್ಲ್ ನೋವಾಯಿ ಬ್ರಹ್ಮಾವರಕ್ ಹೋದೆ. ಮೊದ್ಲ್ ಊರಂಗ್ ತುಂಬ್ಸಿದ್ ಹಲ್ಲ್. ಆ ಡಾಕ್ಟ್ರ್ ಕುರ್ಚಿಗ್ ಕಾಲ್ ಕೊಟ್ಟ್ ಎಳ್ದ್ರ್ ಮಾರಾಯ್ರೆ! ‘ನನ್ ಹಲ್ಲ್ ನಂಗ್ ಕೊಡಿ’ ಅಂದ್ ಹೇಳಿ ತಕಂಡ್ ಬಂದೆ. ಮೈಯ್ದ್ ತುಂಡ್ ಎಲ್ಲೆಲ್ಲೋ ಬಿಸಾಡುಕಾಗ ಅಂದ್ ನಮ್ಮಮ್ಮ ಹೇಳ್ತಿದ್ದ್ರ್. ಬಾವಿಕಟ್ಟಿ ಬದಿ ತೆಂಗಿನ್ ಸಸಿ ಬುಡದಲ್ ನಾನೇ ಹೂತಿಟ್ಟೆ!”

ಅಶ್ವಿನಿ ಅತ್ತೆಯ ಬಾಯಿ ತೆರೆಸಿ ಟಾರ್ಚು ಹಾಕಿದಳು. ಬಲಗಡೆಯ ದವಡೆಯಲ್ಲಿ ಒಂದು ಖಾಲಿ ಜಾಗ. “ಹೌದ್ ಅಜ್ಜಿ. ಇಲ್ಲಿದ್ದೇ” ಎಂದು ಖಚಿತಪಡಿಸಿದಳು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. “ಎಲೆಅಡಿಕೆ ವಿಷ್ಯ ಮಾತ್ರ ನೀವ್ ಸರಿ ಹೇಳಿದ್ರಿ ಅಂಕಲ್” ಎಂದಳು.

ಎಲೆಅಡಿಕೆ ಒಂದೇ ಅಲ್ಲ. ಮೀನೂ ಸರಿ. ಸಿಟ್ಟೂ ಸರಿ. ಆಜ್ಞೆ ಕೊಟ್ಟು ಕೊಟ್ಟು ಸವೆದದ್ದಂತೂ ನೂರಕ್ಕೆ ನೂರು ಸರಿ! ತಪ್ಪಿದ್ದು ಎತ್ತರ, ಗಂಡಸುತನ, ಬಾವಿ ಮತ್ತು ಕೆಲವು ಶತಮಾನಗಳು. ನನ್ನ ಆರಡಿಯ ದಂಡನಾಯಕ ನನ್ನ ಎದೆಯೆತ್ತರದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

“ಹ್ವಾಯ್ ಅಳಿಯಂದ್ರೆ! ನನ್ ಹಲ್ಲಿಗ್ ನನ್ ಕೈಯಲ್ಲೇ ದೀಪ ಹಚ್ಚ್ಸಿದ್ರಿ? ನಂಗೆ ನ‌ನ್ನ್ ಕೈಯಲ್ಲೇ ಎಡೆ ಇಡ್ಸಿದ್ರಿ? ಬದ್ಕಿದ್ದವ್ಳಿಗೆ?”

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇಷ್ಟು ಹೊತ್ತು ಗಾಢವಾಗಿ ಯೋಚಿಸುತ್ತಿದ್ದ ಮಂಜಣ್ಣ ಸಭೆಯ ಮುಂದೆ ಒಂದು ಪ್ರಶ್ನೆ ಇಟ್ಟರು. “ಅರೇ ಭಾಯ್, ಒಂದ್ ಮಿನಿಟ್. ಮುತ್ತಕ್ಕ ನಿಮ್ಮ ವಂಶದ ಮೂಲ ಆದ್ರೆ, ಅವ್ರ ಮಗಳ್ ಗುಲಾಬಿ ನಿಮ್ಗ್ ಎಂತ ಆಯ್ಕ್?”

ಗುಲಾಬಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಒಳಗೆ ಓಡಿದಳು. ಮಗಳು ಆಗಲೇ ಓಡಿಯಾಗಿತ್ತು.

ಆಗ ಒಂದು ವಿಚಿತ್ರ ಸದ್ದು ಕೇಳಿಸಿತು. ಹುಡುಗನ ತಂದೆ. ಅವರ ಭುಜ ಕುಲುಕುತ್ತಿತ್ತು. ಮೊದಲು ಅಳುತ್ತಿದ್ದಾರೆ ಎಂದುಕೊಂಡೆ. ಬಿಗಿದ ಮುಖ ಒಮ್ಮೆಲೇ ಬಿಚ್ಚಿಕೊಂಡು ಎಂಥಾ ನಗು ಬಂತೆಂದರೆ, ನಗುವಿನ ರಭಸಕ್ಕೆ ಅವರ ಮೇಲಿನ ಹಲ್ಲಿನ ಸೆಟ್ಟೇ ಹೊರಗೆ ಹಾರಿ ಮಡಿಲಿಗೆ ಬಿತ್ತು! ಎಲ್ಲರೂ ನನ್ನ ಕಡೆ ನೋಡಿದರು. ಈ ಹಲ್ಲುಗಳ ವಂಶದ ಬಗ್ಗೆ ನಾನು ಒಂದಕ್ಷರವೂ ಮಾತಾಡಲಿಲ್ಲ.

ಅವರು ಹೊರಟರು. ‘ಆಮೇಲ್ ಫೋನ್ ಮಾಡ್ತೊ’ ಎಂದಷ್ಟೇ ಹೇಳಿದರು. ನಮ್ಮ ಕಡೆ ಈ ಮಾತಿಗೆ ಏನರ್ಥ ಎಂಬುದು ಎಲ್ಲರಿಗೂ ಗೊತ್ತು.

ಆಮೇಲಿನ ದಿನಗಳು ಯಾವ ಶತ್ರುವಿಗೂ ಬೇಡ. ಗುಲಾಬಿ ಮಾತು ಬಿಟ್ಟಳು. ತಟ್ಟೆ ಇಡುವ ಸದ್ದಿನಿಂದಲೇ ಊಟಕ್ಕೆ ಹೊತ್ತಾಯಿತೆಂದು ನಾನು ತಿಳಿಯಬೇಕು. ಮಗಳು ಬಯ್ಯಲಿಲ್ಲ, ಅಳಲೂ ಇಲ್ಲ. ಫೋನು ಹೊಡೆದುಕೊಂಡಾಗಲೆಲ್ಲ ಅವಳ ಕೈ ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸುತ್ತಿತ್ತು, ಕೋಟದ್ದಲ್ಲ ಎಂದು ತಿಳಿದ ಮೇಲೆ ಮತ್ತೆ ಸಾಗುತ್ತಿತ್ತು. ಅದನ್ನು ನೋಡುವುದಕ್ಕಿಂತ ಎರಡು ಬೈಗುಳ ತಿನ್ನುವುದು ಎಷ್ಟೋ ಮೇಲು. “ಮಗಾ, ನಾನೇ ಕೋಟಕ್ ಹೋಯಿ ಮಾತಾಡಿ ಬತ್ತೆ” ಎಂದೆ. “ಬ್ಯಾಡ ಅಪ್ಪಾ” ಎಂದಳು ಅವಳು, “ನೀವ್ ಮಾತ್ರ ಮಾತಾಡುದ್ ಬ್ಯಾಡ.” ಆಡಿದ್ದು ಅಷ್ಟೇ ಮಾತು. ನಾನು ಅಂಗಡಿಗೆ ಹೋಗಿ ಗಿರಾಕಿಗಳ ಪಾದವನ್ನೂ ನೋಡದೆ, ಅವರೇ ಹೇಳಿದ ನಂಬರು ತೆಗೆದು ಕೊಟ್ಟೆ.

ಕೊನೆಗೆ ಫೋನು ಬಂತು. ಹುಡುಗನ ತಾಯಿ. ನಾನು ಎತ್ತಿದೆ ಎಂದು ತಿಳಿದ ಕೂಡಲೇ, “ಗುಲಾಬಕ್ಕನಿಗ್ ಕೊಡಿ” ಎಂದರು. ಗುಲಾಬಿ ಕಿವಿಗಿಟ್ಟುಕೊಂಡು ಹೂಂ, ಹೂಂ ಎನ್ನುತ್ತಾ ಹೋದಳು. ಮುಖ ನೋಡಿ ಏನೂ ತಿಳಿಯಲಿಲ್ಲ. ಫೋನು ಕೆಳಗಿಟ್ಟು ಮಗಳ ಗಲ್ಲ ಹಿಡಿದಳು.

“ಒಪ್ಪಿದ್ರ್.”

ಪ್ರಸಾದನಿಗೆ ನಮ್ಮ ಮಗಳನ್ನು ನೋಡಿದಾಗಲೇ ಮನಸ್ಸಾಗಿತ್ತಂತೆ. ಅವನ ತಾಯಿ ಹೇಳಿದ್ದು ಇಷ್ಟು: “ನಮ್ಮವ್ರ್ ಹಾಂಗೆ ನೆಗಾಡಿದ್ದನ್ನ್ ನಾನ್ ಮದಿ ಆದ್ ಮೇಲೆ ಕಂಡೇ ಇರ್ಲಿಲ್ಲ. ಮನಿಗ್ ಬಂದ್ರೂ ನೆಗಿ ನಿಲ್ಲಿಲ್ಲ. ಫೋನ್ ಮಾಡುಕ್ ಕೂತ್ರೆ ಮತ್ತ್ ನೆಗಿ ಬತ್ತ್, ಅದ್ಕೇ ತಡ ಆಯ್ತ್.” ಒಂದು ಷರತ್ತು ಮಾತ್ರ ಇತ್ತು. ಮದುವೆ ಮಂಟಪದಲ್ಲಿ ಹುಡುಗಿಯ ತಂದೆ ಭಾಷಣ ಮಾಡಬಾರದು. ನನ್ನನ್ನು ಕೇಳದೆಯೇ ಗುಲಾಬಿ ಅದನ್ನು ಒಪ್ಪಿಯಾಗಿತ್ತು.

ಎಲ್ಲವೂ ಸುಖವಾಗಿ ಮುಗಿಯಿತು ಎಂದು ನೀವು ತಿಳಿದರೆ ತಪ್ಪು. ಅತ್ತೆ ಬೈಂದೂರಿಗೆ ಹೋಗುವ ಮಾತೇ ಎತ್ತುತ್ತಿಲ್ಲ. ಬಸ್ಸಿನ ಸುದ್ದಿ ತೆಗೆದರೆ, “ವಂಶದ್ ಮೂಲವೇ ಎದ್ದ್ ಹೋದ್ರೆ ಮನಿಗ್ ಒಳ್ಳೇದಾತ್ತಾ?” ಎನ್ನುತ್ತಾರೆ. ನನ್ನ ಆರಾಮಕುರ್ಚಿ ಈಗ ಅವರದ್ದು. ಟೀವಿಯ ರಿಮೋಟು ಅವರ ಮಡಿಲಲ್ಲಿ. ಬೆಳಿಗ್ಗೆ ನಾನು ಅಂಗಡಿಗೆ ಹೊರಟರೆ ಹಿಂದಿನಿಂದ ಅಪ್ಪಣೆಯಾಗುತ್ತದೆ: “ಹ್ವಾಯ್! ಹಿರಿಯರಿಗ್ ಬಂಗ್ಡಿ ತಿಂಬುಕ್ ಮನಸಾಯ್ತ್. ಬಪ್ಪಾಗ ದೊಡ್ಡದ್ ಕಂಡ್ ತನ್ನಿ!”

ಹೀಗೆ ಬ್ರಹ್ಮಾವರದ ಮೀನು ಮಾರ್ಕೆಟ್ಟಿಗೆ ನಾನು ಕಾಯಂ ಗಿರಾಕಿಯಾದೆ. ಮೊನ್ನೆ ಮೀನು ಮಾರುವ ಅಕ್ಕ ಕುತೂಹಲ ತಡೆಯದೆ ಕೇಳಿದಳು.

“ಎಂತ, ದಿನಾ ಆಯ್ದ್ ಆಯ್ದ್ ತಕಂಡ್ ಹೋತ್ರಿ. ಮನೆಯಂಗ್ ವಿಶೇಷವಾ?”

“ಹಿರಿಯರಿಗ್ ಎಡೆ” ಎಂದೆ.

ಅವಳ ಮುಖ ಮೆತ್ತಗಾಯಿತು. “ಹೌದಾ, ಪಾಪ. ತೀರ್ಕಂಡ್ ಎಷ್ಟ್ ಸಮಯ ಆಯ್ತ್?”

“ತೀರ್ಕಳ್ಳಿಲ್ಲ. ಟೀವಿ ಕಾಣ್ತಾ ಕೂಕಂಡಿದ್ರ್.”

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಚೌಕಾಸಿ ಮಾಡಲಿಲ್ಲ. ದೊಡ್ಡ ಮೀನುಗಳನ್ನೇ ಆರಿಸಿ ಚೀಲಕ್ಕೆ ಹಾಕಿ, ಜ್ವರ ಬಂದ ಮಗುವಿಗೆ ಹೇಳುವ ಧ್ವನಿಯಲ್ಲಿ ಹೇಳಿದಳು:

“ಸೀದಾ ಮನಿಗ್ ಹೋಯ್ನಿ ಅಣ್ಣ, ಎಲ್ಲೂ ನಿಲ್ಬೇಡಿ. ಬಿಸ್ಲ್ ಬಾರೀ ಜೋರಿತ್ತ್.”